ಬೆರಳೀಲೆ ತಿಕ್ಕಿದರ ಇನಾಮು

ಜನರ ಕೈಗೆ ಒಂದು ಆಸೆಯನ್ನು ಮುಚ್ಚಿ ಕೊಟ್ಟು ನೋಡಿ, ನಗು ಅದರ ಬೆನ್ನಿಗೇ ಬರುತ್ತದೆ. ನನ್ನ ಹೊಟ್ಟೆಪಾಡೇ ಅದಾದ್ದರಿಂದ ನನಗೆ ಇಷ್ಟು ವರ್ಷ ನಗುವಿಗೆ ಬರ ಬಂದಿಲ್ಲ.

ಇಳಕಲ್ಲಿನ ನೇಕಾರರ ಓಣಿಯಲ್ಲಿ, ಮಗ್ಗದ ಮನೆಯೊಂದರ ಮಾಳಿಗೆಯ ಮೇಲೆ ಕೂತು ನಾನು ಒಂದು ವೆಬ್‌ಸೈಟಿಗೆ ಸ್ಕ್ರ್ಯಾಚ್ ಕಾರ್ಡ್ ಆಟ ಹೊಂದಿಸುತ್ತೇನೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಒಂದಷ್ಟು ಅಂಗಡಿಗಳು ಸೇರಿಕೊಂಡಿರುವ ವೆಬ್‌ಸೈಟ್ ಅದು. ಅಲ್ಲಿ ಏನಾದರೂ ಕೊಂಡರೆ ಗಿರಾಕಿಯ ಹೆಸರಿಗೆ ಪಾಯಿಂಟು ಬೀಳುತ್ತವೆ, ಫೋನಿಗೆ ಒಂದು ಕಾರ್ಡು ಬರುತ್ತದೆ. ಕಾರ್ಡಿನ ಮೇಲೆ ಬೆಳ್ಳಿ ಬಣ್ಣದ ಮುಸುಕು. ಬೆರಳಿನಿಂದ ತಿಕ್ಕಿದರೆ ಮುಸುಕು ಸರಿದು ಒಳಗಿನ ಇನಾಮು ಕಾಣುತ್ತದೆ. ಇನಾಮು ಇಲ್ಲದಿದ್ದರೆ ಸಮಾಧಾನದ ಒಂದು ಮಾತು.

ಮಧ್ಯಾಹ್ನ ಕೆಳಗೆ ಮಗ್ಗ ಲಟಕ್-ಪಟಕ್ ಅನ್ನುತ್ತಿರುತ್ತದೆ. ಮೇಲೆ ನಾನು ಕಾರ್ಡುಗಳು ನೆಟ್ಟಗೆ ತೆರೆಯುತ್ತವೋ ಇಲ್ಲವೋ ಎಂದು ಒಂದಾದ ಮೇಲೊಂದು ತಿಕ್ಕುತ್ತಿರುತ್ತೇನೆ. ಕಣ್ಣು ಮಂಜಾಗಿ ಕಿಟಕಿಯಾಚೆ ನೋಡಿದರೆ ಆಕಾಶಕ್ಕೂ ಯಾರೋ ಬೆಳ್ಳಿ ಬಳಿದ ಹಾಗೆ ಕಾಣುತ್ತದೆ, ಬೆರಳು ತಾನಾಗಿ ಗಾಜಿನ ಕಡೆ ಹೋಗುತ್ತದೆ. ಒಮ್ಮೆ ಮನೆಯ ಯಜಮಾನಿ ಅಂಗಳದಿಂದ ಕೂಗಿ ಕೇಳಿದರು: "ಏನವಾ, ಮೋಡ ಒರಸಾಕತ್ತೀಯೇನು? ಒರಸೋದಾದ್ರ ಕಿಟಕಿ ಸರಳೂ ಒರಸು, ಧೂಳ ಕುಂತೈತಿ."

ಉಫ್

ಮೊದಲು ಆಟ ಹೊಂದಿಸಿದ್ದು ಬಾಗಲಕೋಟೆಯ ಒಂದು ಭಾಂಡೆ ಅಂಗಡಿಗೆ. ಹಿತ್ತಾಳೆ ಕೊಡಗಳ ಸಾಲಿನ ನಡುವೆ ಮಾಲೀಕರು ಹೊಸ ಫೋನು ಹಿಡಿದು ಕೂತಿದ್ದರು. ಪರೀಕ್ಷೆಗೆಂದು ಅವರದೇ ಫೋನಿಗೆ ಒಂದು ಕಾರ್ಡು ಕಳಿಸಿದೆ.

"ಬೆರಳೀಲೆ ತಿಕ್ರಿ, ಸಾವ್ಕಾರ್ರ."

"ಏ, ನನಗ ಗೊತ್ತೈತಿ ತಗೋ. ಬೆರಳೀಲೆ ಕೆರೆದ್ರ ಉಗುರಾಗ ಬಣ್ಣ ಹೊಗತೈತಿ."

ನಾನು ಬೇಡವೆನ್ನುವಷ್ಟರಲ್ಲಿ ಗಲ್ಲಾದಿಂದ ಒಂದು ನಾಣ್ಯ ತೆಗೆದು ಕರ್ರ್ ಎಂದು ಎಳೆದೇ ಬಿಟ್ಟರು. ನಾಣ್ಯದ ಜತೆ ಬೆರಳೂ ತಾಗಿದ್ದರಿಂದ ಮುಸುಕು ಸರಿಯಿತು, ಗಾಜಿನ ಮೇಲೂ ಉದ್ದಕ್ಕೆ ಒಂದು ಗೀರು ಬಿತ್ತು. ಅವರು ಅದನ್ನು ಗಮನಿಸಲೇ ಇಲ್ಲ. ಫೋನನ್ನು ಬಾಯಿಯ ಹತ್ತಿರ ತಂದು 'ಉಫ್' ಎಂದು ಪುಡಿ ಊದಿದರು. ಎಷ್ಟು ಸಹಜವಾಗಿ ಊದಿದರೆಂದರೆ, ಬೆಳ್ಳಿ ಪುಡಿ ಎಲ್ಲಿ ಬಿತ್ತೆಂದು ನಾನೂ ನೆಲ ನೋಡಿದೆ. ಕೊಡಗಳ ಮೇಲೆ ಬಿಸಿಲು ಬಿದ್ದು ಮಿನುಗುತ್ತಿತ್ತು, ಒಂದು ಗಳಿಗೆ ಪುಡಿ ಹಾರಿದ್ದು ಖರೆ ಅನಿಸಿತು.

ಕಾರ್ಡಿನೊಳಗೆ 'ಮತ್ತೊಮ್ಮೆ ಪ್ರಯತ್ನಿಸಿ' ಎಂದಿತ್ತು. ಸಾವ್ಕಾರರು ಅದನ್ನು ಓದಿದರು. ಆಮೇಲೆ ಗೀರಿನ ಮೇಲೆ ಬೆರಳಾಡಿಸಿದರು.

"ತಂಗಿ," ಎಂದರು, "ಮತ್ತೊಮ್ಮೆ ಇದಾ ಫೋನ್ ತರಬೇಕಾ, ಇಲ್ಲಾ ಹೊಸಾದು ತಗೊಂಡ ಬರಬೇಕಾ, ಅದನ್ನೂ ಅಲ್ಲೇ ಬರದ ಬಿಡು."

ಕನ್ನಡದ ಕೆಲಸ

'ಸ್ಕ್ರ್ಯಾಚ್' ಎಂದರೆ ಹಳ್ಳಿಯ ಮಂದಿಗೆ ತಿಳಿಯುವುದಿಲ್ಲ, ಕನ್ನಡದಲ್ಲೇ ಇರಲಿ ಎಂದು ನಮ್ಮ ಆಫೀಸಿನ ಸಾಹೇಬರಿಗೆ ಒಂದು ದಿನ ಅನಿಸಿತು. ಅನಿಸಿದ್ದೇ ತಡ, ತಾವೇ ಬರೆದು ಎಲ್ಲ ಗಿರಾಕಿಗಳಿಗೂ ಮೆಸೇಜು ಕಳಿಸಿದರು: 'ಇಂದೇ ಕೆರೆದುಕೊಳ್ಳಿ, ಇನಾಮು ಗೆಲ್ಲಿರಿ!'

ಕುಳಗೇರಿ ಕ್ರಾಸಿನ ಔಷಧಿ ಅಂಗಡಿಯೂ ನಮ್ಮಲ್ಲಿ ಸೇರಿತ್ತು. ಮರುದಿನ ಮುಂಜಾನೆ ಅಲ್ಲಿಂದ ಫೋನು. "ತಂಗಿ, ಜಲ್ದಿ ಬಾ. ಮಂದಿ ಮುಲಾಮು ತಗೊಳ್ಳೂದು ಬಿಟ್ಟಾರ."

ಬಸ್ಸು ಹಿಡಿದು ಹೋದೆ. ಕಟ್ಟೆಯ ಮೇಲೆ ಒಬ್ಬ ಹಿರಿಯರು ಧೋತರ ಮೊಣಕಾಲ ಮೇಲೆ ಸರಿಸಿ, ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಕಾಲು ಕೆರೆದುಕೊಳ್ಳುತ್ತಿದ್ದರು. ಮುಖದ ಮೇಲೆ ಭಜನೆಯಲ್ಲಿ ಕೂತವರ ಶಾಂತಿ. ನಾನು ಬಂದದ್ದು ಗೊತ್ತಾಗಿ ಮೆಲ್ಲಗೆ ಕಣ್ಣು ತೆರೆದರು.

"ಈ ಸ್ಕೀಮಿನವರು ನೀವಾ ಏನ್ರಿ?"

"ಹೌದ್ರಿ, ಕಾಕಾ."

"ನಾ ಎರಡು ವರ್ಷ ಆತು, ಹಗಲು-ರಾತ್ರಿ ಕೆರಕೊಳ್ಳಾಕತ್ತೀನಿ. ಹಿಂದಿಂದೂ ಹಿಡಿದು ಕೊಡತೀರೋ, ಇಲ್ಲಾ ಮೆಸೇಜ್ ಬಂದಿಂದ ಕೆರಕೊಂಡದ್ದಷ್ಟಾ ಲೆಕ್ಕೇನು?"

ಧಾರೆ ಸೀರೆ

ಸಾಹೇಬರ ಕನ್ನಡ ತೆಗೆದು 'ತಿಕ್ಕಿ ನೋಡಿ' ಎಂದು ಹಾಕಿದೆ. ಆದರೆ 'ಮತ್ತೊಮ್ಮೆ ಪ್ರಯತ್ನಿಸಿ' ಹಾಗೆಯೇ ಉಳಿದಿತ್ತು. ಅದರಲ್ಲಿ ಏನು ತಪ್ಪಿದೆ?

ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಕೂತಿದ್ದೆ. ಮದುವೆಯ ಮಂದಿ ಗಾದಿಯ ತುಂಬ ಕೂತು ಮುಂಜಾನೆಯಿಂದ ಧಾರೆ ಸೀರೆ ಆರಿಸುತ್ತಿದ್ದರು. ಅಂಚಿನ ದಡಿ ಒಪ್ಪಿದರೆ ಬಣ್ಣ ಒಪ್ಪದು, ಬಣ್ಣ ಒಪ್ಪಿದರೆ ಸೆರಗು ಒಪ್ಪದು. ಕೊನೆಗೆ ದಾಳಿಂಬರ ಬಣ್ಣದ ಒಂದು ಸೀರೆಯನ್ನು ಮದುಮಗಳು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಅವಳು ಕನ್ನಡಿಯಲ್ಲಿ ನಮ್ಮನ್ನಾರನ್ನೂ ನೋಡುತ್ತಿರಲಿಲ್ಲ.

ಸೀರೆ ಕಟ್ಟಿ ಕೊಟ್ಟರು, ಕಾರ್ಡು ಬಂತು. ಎಲ್ಲರೂ ಬಗ್ಗಿದರು. ಅವಳು ಮೆತ್ತಗೆ ತಿಕ್ಕಿ ಓದಿದಳು. ಓದಿ ಬಾಯಿ ಮುಚ್ಚಿಕೊಂಡಳು.

"ಏನ್ ಬರದಾರ?" ಎಂದು ಅಜ್ಜಿ ಕೇಳಿದಳು.

"'ಮತ್ತೊಮ್ಮೆ ಪ್ರಯತ್ನಿಸಿ' ಅಂತ ಐತಬೇ."

"ಯವ್ವಾ! ಇನ್ನ ಇದಾ ಲಗ್ನ ಆಗಿಲ್ಲ, ಮತ್ತೊಂದಕ್ಕ ಹಚ್ಚತಾರಲ್ಲ!"

ಗಾದಿಯ ಮೇಲೆ ಗದ್ದಲವೆದ್ದಿತು. ಅಂಗಡಿಯವರು ಎದ್ದು ಕೈ ಮುಗಿದರು. "ಹಂಗಲ್ಲಬೇ, ಅದು ಗಂಡಗ ಹೇಳಿದ್ದಲ್ಲ, ಸೀರಿಗೆ ಹೇಳಿದ್ದು."

ಅಜ್ಜಿಯ ಸಿಟ್ಟು ಇನ್ನೂ ಏರಿತು. "ಗಂಡಗ ಹೇಳಿದ್ರ ಹೆಂಗರ ತಡಕೊಳ್ತಿದ್ವಿ. ಸೀರಿಗೆ ಮಾತ್ರ ಹೇಳಬ್ಯಾಡ್ರಿ, ಮತ್ತ ಮೊದಲಿಂದ ಆರಸಾಕ ನಮ್ಮ ಕೈಲೆ ಆಗಂಗಿಲ್ಲ!"

ರೊಟ್ಟಿ

ಬಾದಾಮಿಯ ಖಾನಾವಳಿಗೆ ಮಾತ್ರ ಬೆಳ್ಳಿ ಮುಸುಕು ಬೇಡ, ಅವರದೇ ಗುರುತಿರಲಿ ಎಂದು ನನಗೆ ಅನಿಸಿತು. ಖಾನಾವಳಿ ನಡೆಸುವ ಅಕ್ಕ ಬಡಿದ ಜೋಳದ ರೊಟ್ಟಿಯ ಫೋಟೋ ತೆಗೆದು ಅದನ್ನೇ ಮುಸುಕು ಮಾಡಿದೆ. ಹುಣ್ಣಿಮೆಯ ಚಂದ್ರನಂಥ ರೊಟ್ಟಿ. ತಿಕ್ಕಿದರೆ ಕೆಳಗೆ 'ಒಂದು ಹೋಳಿಗೆ ಊಟ ಪುಕ್ಕಟೆ'.

ಸಂಜೆ ಕೆರೆಯ ಆಚೆ ಕೆಂಪು ಗುಡ್ಡ ಮೆಲ್ಲಗೆ ಬಣ್ಣ ಬದಲಿಸುತ್ತಿತ್ತು. ಇಷ್ಟು ಚಂದದ ಕಾರ್ಡು ನಾನು ಈವರೆಗೆ ಮಾಡಿಲ್ಲ ಎಂದುಕೊಳ್ಳುತ್ತ, ಅದೇ ಗುಂಗಿನಲ್ಲಿ ಹೋಗಿ ಅಕ್ಕನಿಗೆ ತೋರಿಸಿದೆ. ಅವರು ಒಲೆಯ ಮುಂದಿನಿಂದ ಏಳದೆ ಫೋನು ನೋಡಿದರು.

"ಚಂದ ಐತಿ. ಇದನ್ನ ಏನ್ ಮಾಡಬೇಕು?"

"ರೊಟ್ಟಿ ಕೆರೀಬೇಕ್ರಿ ಅಕ್ಕಾ. ಕೆರೆದ್ರ ಒಳಗ ಇನಾಮು."

ಅಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು.

"ರೊಟ್ಟಿ ಯಾವಾಗ ಕೆರೀತಾರವಾ?"

ನಾನು ಫೋನಿನೊಳಗಿನ ರೊಟ್ಟಿಯನ್ನು ಇನ್ನೊಮ್ಮೆ ನೋಡಿದೆ.

"ಹೊತ್ತಿದಾಗ! ನನ್ನ ಒಲಿ ಮ್ಯಾಲ ಒಂದರ ರೊಟ್ಟಿ ಹೊತ್ತಿದ್ದು ನೋಡೀಯೇನು? ಊರ ಮಂದಿ ಎಲ್ಲಾ ಕುಂತು ನನ್ನ ರೊಟ್ಟಿ ಕೆರದ್ರ ನನ್ನ ಮಾನ ಉಳೀತೈತೇನು?"

ಅವತ್ತೇ ರೊಟ್ಟಿ ತೆಗೆದೆ. ಬದಲಿಗೆ ಯಾವ ಚಿತ್ರ ಹಾಕಲಿ ಎಂದು ಕೇಳಿದಾಗ ಅಕ್ಕ ಸ್ವಲ್ಪ ಯೋಚಿಸಿ, ಧ್ವನಿ ತಗ್ಗಿಸಿ ಹೇಳಿದರು: "ಬಾಜೂದ ಖಾನಾವಳಿ ರೊಟ್ಟಿ ಫೋಟೋ ಹಾಕಿಬಿಡು."

ಚಾಚಾನ ಕಾಶ್ಮೀರ

ದೀಪಾವಳಿಗೆ ಸೀರೆ ಅಂಗಡಿಯವರು ದೊಡ್ಡ ಇನಾಮು ಇಟ್ಟರು. ಶುದ್ಧ ರೇಷ್ಮೆಯ ಇಳಕಲ್ ಸೀರೆ. ಎಲ್ಲ ಊರಿನ ಕಾರ್ಡುಗಳಲ್ಲಿ ಒಂದರೊಳಗೆ ಮಾತ್ರ ಅದು ಅಡಗಿತ್ತು. ತಿಂಗಳು ಮುಗಿಯುತ್ತ ಬಂದರೂ ಯಾರಿಗೂ ಸಿಗಲಿಲ್ಲ. ತಿಂಗಳು ಮುಗಿದರೆ ತಿಕ್ಕದ ಕಾರ್ಡೆಲ್ಲ ರದ್ದು.

ನನ್ನ ಕಂಪ್ಯೂಟರಿನಲ್ಲಿ ಹುಡುಕಿದೆ. ಹುನಗುಂದದ ಒಬ್ಬ ಚಾಚಾನ ಕಾರ್ಡು ಇನ್ನೂ ಮುಚ್ಚಿಯೇ ಇತ್ತು. ಸೀರೆ ಅದರೊಳಗಿತ್ತು. ಒಳಗೇನಿದೆ ಎಂದು ಹೇಳುವ ಹಾಗಿಲ್ಲ, ಅದು ನಮ್ಮ ನಿಯಮ. ತಿಕ್ಕಲು ನೆನಪಿಸಬಹುದು, ಅಷ್ಟೇ. ಫೋನು ಮಾಡಿದೆ.

"ಚಾಚಾ, ನಿಮ್ಮ ಕಾರ್ಡ್ ಇನ್ನ ತಿಕ್ಕಿಲ್ರೀ."

"ನಾ ತಿಕ್ಕಿಲ್ಲ ಅಂತ ನಿನಗ ಹೆಂಗ ಗೊತ್ತಾತು? ನಿಮ್ಮಂಥಾವರು ಭಾಳ ಮಂದಿ ಫೋನ್ ಮಾಡತಾರ. ಹೂಂ, ಓಟಿಪಿ ಕೇಳು. ನೀ ಕೇಳಾಕ ಶುರು ಮಾಡು, ನಾ ಬೈಯಾಕ ಶುರು ಮಾಡತೇನಿ."

ಬೇರೆ ದಾರಿಯಿಲ್ಲದೆ ಮನೆಗೇ ಹೋದೆ. ಬೇವಿನ ಗಿಡದ ಕೆಳಗೆ ಕಟ್ಟೆ. ಚಾಚಾ ನಿವೃತ್ತ ಬಸ್ ಕಂಡಕ್ಟರ್. ನನ್ನನ್ನು ಎದುರಿಗೆ ಕಂಡ ಮೇಲೆ ಅವರಿಗೆ ನಂಬಿಕೆ ಬಂತು, ಚಾಚಿ ಚಹಾ ತಂದರು.

"ತಿಕ್ಕಬಾರದಂತ ಇಟ್ಟೀನಿ," ಎಂದರು ಚಾಚಾ. "ದಿನಾ ಸಂಜಿಕ ಇದರಾಗ ಏನೈತಿ ಅಂತ ಇಬ್ರೂ ಮಾತಾಡತೇವಿ. ಮೊನ್ನೆ ಫ್ರಿಜ್ ಇತ್ತು. ನಿನ್ನೆ ರೈಲಿನ್ಯಾಗ ಕಾಶ್ಮೀರಕ್ಕ ಹೋಗಿದ್ವಿ. ಈಕಿಗೆ ಥಂಡಿ ಹತ್ತಿ ಶಾಲ್ ತಗೊಂಡ್ವಿ. ಜೀವಮಾನ ಎಲ್ಲಾ ಮಂದೀಗೆ ಟಿಕೆಟ್ ಹರದ ಕೊಟ್ಟೆ ಬೇಟಿ, ನಮಗೊಂದು ಹರಕೊಳ್ಳಲಿಲ್ಲ. ತಿಕ್ಕಿದ್ರ ಇನಾಮು ಬಂದೀತು, ಕಾಶ್ಮೀರ ಹೋಗತೈತಿ."

ಸೀರೆ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಬೇವಿನ ಎಲೆಗಳ ನಡುವಿನಿಂದ ಸಂಜೆ ಬೆಳಕು ಕಾರ್ಡಿನ ಮೇಲೆ ಬಿದ್ದು ಅಲುಗುತ್ತಿತ್ತು. ನನಗೂ ಅಲ್ಲಿ ಹಿಮದ ಗುಡ್ಡವೇ ಕಂಡಿತು. "ತಿಂಗಳ ಮುಗದ್ರ ಕಾರ್ಡಾ ಹೋಗತೈತ್ರಿ, ಚಾಚಾ," ಎಂದಷ್ಟೇ ಹೇಳಿದೆ.

ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದರು. "ಇವರು ಹೇಳೂದೂ ಖರೇನ ಐತಿ ಬೇಟಿ," ಎಂದರು. "ನಿಕಾ ಆಗೋತನಕ ನಾ ಇವರ ಮಾರಿ ನೋಡಿದ್ದಿಲ್ಲ. ಆವಾಗ ಭಾಳ ಚಂದ ಇದ್ರು."

ಚಾಚಾ ನಕ್ಕ ರಭಸಕ್ಕೆ ಚಹಾ ನೆತ್ತಿಗೇರಿತು. ಅವರು ಕೆಮ್ಮುತ್ತಿರುವಾಗಲೇ ಚಾಚಿ ಫೋನು ಎತ್ತಿ ತಿಕ್ಕಿಬಿಟ್ಟರು. 'ಅಭಿನಂದನೆ, ರೇಷ್ಮೆ ಸೀರೆ' ಎಂದು ಬಂತು. ನನಗೆ ಕುಣಿಯಬೇಕೆನಿಸಿತು. ಚಾಚಾ ಮಾತ್ರ ಮುಖ ಸಣ್ಣದು ಮಾಡಿದರು.

"ಮುಗೀತು. ಇನ್ನ ಸಂಜಿಕ ಏನ್ ಮಾತಾಡೋದು?"

ಚಾಚಿ ಫೋನನ್ನು ದೂರ ಹಿಡಿದು ಇನ್ನೊಮ್ಮೆ ನೋಡಿದರು. "ಬಣ್ಣ ಯಾವುದು ಅಂತ ಬರದಿಲ್ಲಲ್ಲ?"

"ನಿಮಗ ಬೇಕಾದ್ದು ಆರಿಸಿಕೊಳ್ಳಬಹುದ್ರಿ, ಚಾಚಿ," ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಚಾ ಕಟ್ಟೆಯ ಮೇಲೆ ಸರಿದು, ಹೆಂಡತಿಗೆ ಜಾಗ ಮಾಡಿದರು.

ಯುಗಾದಿ ಹತ್ತಿರ ಬಂದರೂ ಸೀರೆ ಒಯ್ಯಲು ಯಾರೂ ಬರಲಿಲ್ಲ. ಅಂಗಡಿಯವರು ನನ್ನನ್ನು ಕೇಳಿ ಕೇಳಿ ಬೇಸತ್ತರು. ಕಡೆಗೆ ನಾನೇ ಫೋನು ಮಾಡಿದೆ.

"ಚಾಚಿ, ಬಣ್ಣ ಆರಿಸಿದ್ರೇನ್ರಿ?"

"ಅವಸರ ಮಾಡಬ್ಯಾಡ ಬೇಟಿ," ಎಂದರು ಚಾಚಿ. "ನಿನ್ನೆ ಹಸರು ಮುಗಿಸೀವಿ, ಇವತ್ತ ಕೆಂಪು ಹಿಡೀತೇವಿ. ಅಂಗಡ್ಯಾವರಿಗೆ ಹೇಳು, ಬಣ್ಣ ಮುಗದ ಮ್ಯಾಲ ಇನ್ನ ದಡಿ ಐತಿ."