ಹದ ತಿಳಿಯದ ಯಂತ್ರವೂ ನಮ್ಮ ಮಾವನೂ

ನಮ್ಮ ಸೋದರಮಾವ ಕಂಪ್ಯೂಟರಿಗೆ ಒಗ್ಗರಣೆ ಹಾಕುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡಿದ್ದಾರೆ. ಅದನ್ನೂ ಮಾಡುತ್ತಿದ್ದರೇನೋ, ಸಾಸಿವೆಯನ್ನು ಯಾವ ತೂತಿನೊಳಗೆ ಹಾಕಬೇಕೆಂದು ತಿಳಿಯದೆ ಕೈಬಿಟ್ಟರು ಎಂದು ನನ್ನ ಗುಮಾನಿ! ನಂಜನಗೂಡಿನಿಂದ ತಿ. ನರಸೀಪುರದವರೆಗೆ ಯಾರ ಮನೆಯ ಮದುವೆಯಾದರೂ ಅಡುಗೆ ಇವರದೇ. ಇವರ ಕೈಯ ಹುಳಿ ಉಂಡವರು ಹೆಣ್ಣು ಹೇಗಿದ್ದಳೆಂಬುದನ್ನು ಮರೆತು ಹುಳಿ ಹೇಗಿತ್ತೆಂದು ಹೇಳುತ್ತಾರೆ. ಇಂಥವರು ಅರವತ್ತು ದಾಟಿದ ಮೇಲೆ ಸೌಟು ಕೆಳಗಿಟ್ಟು ಪ್ರೋಗ್ರಾಮಿಂಗ್ ಕಲಿಯಲು ಕೂತರೆ ಬೀದಿ ಸುಮ್ಮನಿರುತ್ತದೆಯೇ? ಭಟ್ಟರಿಗೆ ಒಲೆಯ ಹೊಗೆ ತಲೆಗೇರಿದೆ ಎಂದಿತು.

ಕಾರಣ ನಮ್ಮ ಅತ್ತೆ. ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ ಹೋಯಿತು, ಮಾತೂ ಹೋಯಿತು. ಬುದ್ಧಿ, ಕಿವಿ, ಕೋಪ ಮಾತ್ರ ಮೊದಲಿನಷ್ಟೇ ಚುರುಕು. ಅವರು ಸನ್ನೆಯಲ್ಲಿ ನೀರು ಕೇಳಿದರೆ ಮಾವ ದಿಂಬು ತರುತ್ತಿದ್ದರು. ದಿಂಬು ಕೇಳಿದರೆ ಉಪ್ಪಿಟ್ಟು ಬರುತ್ತಿತ್ತು. ಅತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಬರಬರುತ್ತಾ ಕೇಳುವುದನ್ನೇ ಬಿಟ್ಟರು. ಮಾವನಿಗೆ ದಿಗಿಲಾದದ್ದು ಆಗ. ಪರದೆಯ ಮೇಲಿನ ಗುಂಡಿಯನ್ನು ಎಡಗೈ ಬೆರಳಲ್ಲಿ ಮುಟ್ಟಿದರೆ ಸಾಕು, ಅತ್ತೆಯ ಪರವಾಗಿ ಮಾತಾಡುವಂಥ ಪ್ರೋಗ್ರಾಮ್ ಬರೆದೇ ತೀರುತ್ತೇನೆಂದು ಲ್ಯಾಪ್‌ಟಾಪ್ ತಂದು ಊಟದ ಮಣೆಯ ಮೇಲಿಟ್ಟರು.

ಇಂಥದ್ದು ಫೋನಿನಲ್ಲಿ ಸಿದ್ಧವಾಗಿಯೇ ಸಿಗುತ್ತದೆಂದು ನಾನು ಒಂದನ್ನು ಹಾಕಿಕೊಟ್ಟೆ. ಗುಂಡಿ ಒತ್ತಿದೊಡನೆ ಒಬ್ಬಳು "ದಯವಿಟ್ಟು ನನಗೆ ನೀರನ್ನು ನೀಡುವಿರಾ?" ಎಂದು ಉಲಿದಳು. ಅತ್ತೆ ಮುಖ ಸಿಂಡರಿಸಿದರು.

"ನಿಮ್ಮತ್ತೆ ಜನ್ಮದಲ್ಲಿ ಒಂದ್ಸಲನಾದ್ರೂ ನಂಗೆ ದಯವಿಟ್ಟು ಅಂದಿದ್ದು ಕೇಳಿದ್ಯೇನೋ?" ಎಂದರು ಮಾವ. "ತೆಗಿ ಅದನ್ನ. ಅಂಗಡಿ ಸಾರಿನಪುಡಿ ಹಾಕಿದೋನಲ್ಲ ನಾನು."

ನಾನು ಬ್ಯಾಂಕಿನ ಗುಮಾಸ್ತ. ಸರ್ವರ್ ಡೌನ್ ಆಗಿದೆ ಎಂದು ಗಂಭೀರವಾಗಿ ಹೇಳುವುದಷ್ಟೇ ಕಂಪ್ಯೂಟರಿನಲ್ಲಿ ನನಗಿರುವ ಪಾಂಡಿತ್ಯ. ಆದರೆ ದಿನವಿಡೀ ಅದರ ಎದುರು ಕೂರುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂಬುದು ಮಾವನ ವಾದ. ಕೌಂಟರಿನ ಮುಂದೆ ಜನ ಸಾಲುಗಟ್ಟಿರುವಾಗಲೇ ಫೋನು.

"ಲೋ, ಸ್ವಲ್ಪ ಜೋರಾಗಿ ಹೇಳು ಅಂತ ಇದಕ್ಕೆ ಹೇಳೋದು ಹ್ಯಾಗೋ?"

"ಸ್ವಲ್ಪ ಅಂದ್ರೆ ಅದಕ್ಕೆ ತಿಳಿಯಲ್ಲ ಮಾವ. ಎಷ್ಟು ಅಂತ ಅಂಕಿಯಲ್ಲಿ ಹೇಳ್ಬೇಕು."

"ಸ್ವಲ್ಪ ಅಂದ್ರೆ ತಿಳಿಯದೋನ್ನ ನಾನಾಗಿದ್ರೆ ಪಾತ್ರೆ ತೊಳೆಯೋಕೂ ಇಟ್ಕೋತಿರ್ಲಿಲ್ಲ."

ಅವರು ವಿಡಿಯೋ ನೋಡಿ ಕಲಿತ ಮೊದಲ ಪಾಠ, ಪರದೆಯ ಮೇಲೆ ನಮಸ್ಕಾರ ಎಂದು ಮೂಡಿಸುವುದು. ಅದು ಮೂಡಿದ ದಿನ ಬೀದಿಗೆಲ್ಲ ಕೇಸರಿಬಾತ್ ಹಂಚಿದರು. ಮಾರನೆಯ ದಿನ ಅದೇ ಪರದೆಯ ತುಂಬ ಕೆಂಪು ಅಕ್ಷರ. ಎಲ್ಲೋ ತೆರೆದ ಬ್ರಾಕೆಟ್ಟನ್ನು ಮುಚ್ಚಿಲ್ಲವೆಂದು ದೂರು. ಸಿಡುಕುತ್ತಾರೆಂದು ನಾನು ಕಾದರೆ ಮಾವ ತಲೆದೂಗಿದರು. "ಸರಿಯಾಗೇ ಬೈದಿದೆ ಕಣೋ. ಪಾತ್ರೆಗೆ ಮುಚ್ಚಳ ಹಾಕ್ದೆ ಹೋದ್ರೆ ನಾನೂ ಹೀಗೇ ಬೈತಿದ್ದೆ." ಅಂದಿನಿಂದ ಯಂತ್ರದ ಮೇಲೆ ಅವರಿಗೊಂದು ಗೌರವ ಬಂತು.

ಆ ಗೌರವ ಹೆಚ್ಚು ಕಾಲ ಉಳಿಯಲಿಲ್ಲ. ಹದ ಬರುವವರೆಗೂ ತಿರುವು, ಅಂಟು ಬಿಡುವವರೆಗೂ ಬೇಯಿಸು ಎಂದು ಆಳುಗಳಿಗೆ ಹೇಳಿ ಅಭ್ಯಾಸವಾದ ಬಾಯಿ ನೋಡಿ, ನೀರಿನ ಗುಂಡಿಗೂ ಹಾಗೇ ಬರೆದಿದ್ದರು: ಅವಳಿಗೆ ನೀರು ಸಿಗುವವರೆಗೂ ಹೇಳುತ್ತಿರು. ದನಿ ಮಾವನದೇ, ಛತ್ರದ ಹಿಂಬಾಗಿಲಿಂದ ಮುಂಬಾಗಿಲಿಗೆ ಕೇಳಿಸುವಂಥದ್ದು. ಅತ್ತೆ ಗುಂಡಿ ಮುಟ್ಟಿದರು. "ನೀರು! ನೀರು! ನೀರು!" ಎಂದು ಯಂತ್ರ ಬಡಕೊಳ್ಳತೊಡಗಿತು. ಮಾವ ನೀರು ಕೊಟ್ಟರು. ಅತ್ತೆ ಕುಡಿದರು. ಯಂತ್ರ ನಿಲ್ಲಲಿಲ್ಲ! ನಾಲ್ಕು ದಿನದಿಂದ ನಲ್ಲಿ ಬರದೆ ಕಂಗೆಟ್ಟಿದ್ದ ಬೀದಿಯ ಹೆಂಗಸರು ಬಿಂದಿಗೆ ಸಮೇತ ಮಾವನ ಬಾಗಿಲಿಗೆ ಬಂದು ಸಾಲು ನಿಂತರು.

"ಅತ್ತೆಗೆ ನೀರು ಸಿಕ್ತು ಅಂತ ಅದಕ್ಕೆ ಹ್ಯಾಗೆ ಗೊತ್ತಾಗ್ಬೇಕು ಮಾವ?" ಎಂದೆ ಫೋನಿನಲ್ಲಿ.

"ಕ್ಯಾಮೆರಾ ಇದ್ಯಲ್ಲೋ, ನೋಡ್ಬಾರ್ದಾ?"

"ಇದೆ, ಆದ್ರೆ ಅದು ತಾನಾಗೇ ನೋಡಲ್ಲ."

"ಬಡಿಸೋರ ಹಾಗೇ ಅನ್ನು. ಕಣ್ಣಿರತ್ತೆ, ಎಲೆ ನೋಡಲ್ಲ."

ಗಂಡಸಿನ ದನಿಯಿಂದಲೇ ಈ ಅನಾಹುತವೆಂದು ತೀರ್ಪಾಯಿತು. ದನಿ ಕೊಡಲು ತಿ. ನರಸೀಪುರದಿಂದ ನಮ್ಮಮ್ಮನನ್ನು, ಎಂದರೆ ಮಾವನ ಸ್ವಂತ ತಂಗಿಯನ್ನು, ಬಸ್ಸಿನಲ್ಲಿ ಕರೆಸಿದರು. ಅಮ್ಮ ಹೊಸ ಸೀರೆ ಉಟ್ಟು ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ನೀರು, ಕಾಫಿ, ಫ್ಯಾನು, ಸಾಕು ಎಲ್ಲವನ್ನೂ ಆಕಾಶವಾಣಿಯವರಂತೆ ಹೇಳಿದಳು. ಕೊನೆಯ ಗುಂಡಿ ಬಂತು. ಮಾವ ತಲೆ ತಗ್ಗಿಸಿ, "ಈಗ 'ರೀ' ಅನ್ನು" ಎಂದರು.

"ಏನಂದೆ?"

"ಅವಳು ನನ್ನನ್ನ ಕರೀಬೇಕಲ್ಲ. ಹಾಗೇ ತಾನೇ ಕರೀತಿದ್ದಿದ್ದು."

"ಥೂ, ಒಡಹುಟ್ಟಿದೋನ್ನ ಹಿಡ್ಕೊಂಡು ರೀ ಅನ್ನೋಕಾಗತ್ಯೇ? ಬೇಕಾದ್ರೆ ಅಣ್ಣಾ ಅಂತೀನಿ."

ಹೆಂಡತಿ ಗುಂಡಿ ಒತ್ತಿದರೆ ಅಣ್ಣಾ ಎಂದು ಕೇಳಿಸಿದರೆ ಸಂಸಾರದ ಗತಿಯೇನು? ಪಕ್ಕದ ಮನೆಯಾಕೆಯನ್ನು ಕೇಳಿದರು. ಆಕೆ ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ ನೋಡಿ, "ಕಾಪಿ ಅನ್ನಿ, ನೀರು ಅನ್ನಿ, ಏನ್ ಬೇಕಾದ್ರೂ ಏಳ್ತೀನಿ ಐನೋರೇ. ಅದೊಂದು ನನ್ ಕೈಲಿ ಆಗಕಿಲ್ಲ. ಅದು ಅಮ್ಮಾವ್ರೇ ಅನ್ಬೇಕಾದ್ದು" ಎಂದರು. ಯಂತ್ರದ್ದೇ ಹೆಣ್ಣುದನಿ ಇದೆಯಲ್ಲ ಎಂದೆ ನಾನು. ಕಂಡಕಂಡವರ ಕೈಲಿ ರೀ ಅನ್ನಿಸಿಕೊಳ್ಳುವ ಗತಿ ತನಗೆ ಬಂದಿಲ್ಲವೆಂದು ಮಾವ ನನ್ನ ಮೇಲೇ ರೇಗಿದರು. ಅತ್ತೆಯ ದನಿಯಾದರೂ ಎಲ್ಲಾದರೂ ಉಳಿದಿತ್ತೇ? ಮದುವೆಮನೆಗಳ ವಿಡಿಯೋಗಳನ್ನೆಲ್ಲ ತಡಕಿದೆವು. ಎಲ್ಲದರಲ್ಲೂ ಓಲಗದ ಸದ್ದು.

ಕಳೆದ ಭಾನುವಾರ ಹೋಗಿದ್ದೆ. ಐದೂ ಗುಂಡಿ ಸಿದ್ಧವಾಗಿ ಲ್ಯಾಪ್‌ಟಾಪು ಮಂಚದ ಎಡಬದಿಗೆ ಬಂದಿತ್ತು. ಮಾವ ಅಲ್ಲೇ ಕೆಳಗೆ ಈಳಿಗೆಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದರು. ಅತ್ತೆ ಬೆರಳು ಚಾಚಿ 'ರೀ' ಎಂದು ಬರೆದಿದ್ದ ಗುಂಡಿ ಮುಟ್ಟಿದರು.

"ಬಂದೆ ಕಣೇ" ಎಂದಿತು ಯಂತ್ರ. ಮಾವನ ದನಿ.

ನನಗೆ ನಗು ತಡೆಯಲಾಗಲಿಲ್ಲ. "ಇದೇನು ಮಾವ, ಕರೆಯೋ ಗುಂಡಿಗೆ ಉತ್ತರ ತುಂಬಿದೀರಿ?"

ಮಾವ ಬೀನ್ಸಿನ ನಾರು ತೆಗೆಯುತ್ತಾ ಹೇಳಿದರು: "ಕರೆಯೋದು ಅವಳದು ಕಣೋ, ಅದನ್ನ ಬೇರೆಯೋರ ಹತ್ರ ಹೇಳ್ಸೋಕಾಗಲ್ಲ. ನಂದೇನಿದ್ರೂ ಓಗೊಡೋದು. ಅದನ್ನ ಹಾಕಿದೀನಿ."

ಕೇಳುವುದನ್ನೇ ಬಿಟ್ಟಿದ್ದ ಅತ್ತೆ ಮತ್ತೆ ಅದನ್ನೇ ಮುಟ್ಟಿದರು. "ಬಂದೆ ಕಣೇ."

"ಇಲ್ಲೇ ಇದೀನಲ್ಲೇ, ಏನ್ಬೇಕು?" ಎಂದು ಮಾವ ತಲೆಯೆತ್ತಿದರು. ನೀರು, ಕಾಫಿ, ಫ್ಯಾನು ಎಲ್ಲ ಅತ್ತೆಯ ಬೆರಳಿನ ಪಕ್ಕದಲ್ಲೇ ಇದ್ದವು. ಅವರಿಗೆ ಅದಾವುದೂ ಬೇಕಿರಲಿಲ್ಲ. ಮೂರನೆಯ ಸಲವೂ ಅದೇ ಗುಂಡಿ.

ಮಾವ ಈಳಿಗೆಮಣೆಯನ್ನು ಬದಿಗೆ ಸರಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು ಮಂಚದ ಮೇಲೆ ಅವರ ಪಕ್ಕ ಕೂತರು. ಆಮೇಲೆ ಅತ್ತೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ.