ಮ್ಯಾರಥಾನ್ ಓಡಿದ ಕೆಂಪು ಕೋಟು

"ಈ ಸಲ ನೋಡ್ತಿರು! ಕೊನೇ ಗೆರೆ ದಾಟಿ, ಕೊರಳಿಗೆ ಪದಕ ಹಾಕಿಸಿಕೊಳ್ಳದಿದ್ದರೆ ನನ್ನ ಹೆಸರನ್ನೇ ಬದಲಾಯಿಸ್ಕೋತೀನಿ!"

ಇಸ್ತ್ರಿಪೆಟ್ಟಿಗೆಯನ್ನು ಕತ್ತಿಯಂತೆ ಎತ್ತಿ ಹಿಡಿದು ನಾನು ಹೀಗೆ ಘೋರ ಪ್ರತಿಜ್ಞೆ ಮಾಡಿದಾಗ ನನ್ನವಳು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಸರು ಬದಲಾಯಿಸಿದ್ರೆ ಅಂಗಡಿ ಬೋರ್ಡೂ ಬದಲಾಯಿಸ್ಬೇಕು. ಮೊದಲು ಆ ಇಸ್ತ್ರಿ ಕೆಳಗಿಡಿ, ಹೊಗೆ ಬರ್ತಿದೆ" ಅಂದಳು.

ನಮ್ಮದು ಬಟ್ಟೆ ತೊಳೆದು, ಇಸ್ತ್ರಿ ಮಾಡಿ ಕೊಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ವರ್ಷಪೂರ್ತಿ ಊರಿನವರ ಕೊಳೆ ತೆಗೆಯುವ ನನಗೆ ಇರುವ ಒಂದೇ ಒಂದು ಹುಚ್ಚೆಂದರೆ ನಮ್ಮೂರಿನ ವಾರ್ಷಿಕ ಮ್ಯಾರಥಾನ್. ಹುಚ್ಚು ಅಂದರೆ ಸಾಮಾನ್ಯ ಹುಚ್ಚಲ್ಲ. ಮೂರು ವರ್ಷದಿಂದ ಓಡುತ್ತಿದ್ದೇನೆ, ಮೂರು ವರ್ಷವೂ ಮುಗಿಸಿಲ್ಲ!

ಎಲ್ಲರಿಗಿಂತ ಹಿಂದೆ ಓಡುವವನ ಬೆನ್ನಿಗೆ ಒಂದು ವ್ಯಾನು ಬರುತ್ತದೆ. ಗೊತ್ತುಮಾಡಿದ ಹೊತ್ತಿನೊಳಗೆ ಮುಟ್ಟಲಾರದವರನ್ನು ಹತ್ತಿಸಿಕೊಂಡು ಹೋಗುವುದು ಅದರ ಕೆಲಸ. ಸಂಘಟಕರು ಅದಕ್ಕೆ ಏನೋ ಗೌರವದ ಹೆಸರಿಟ್ಟಿದ್ದಾರೆ. ಓಡುವ ನಾವು ಅದನ್ನು 'ಗುಡಿಸೋ ಗಾಡಿ' ಅನ್ನುತ್ತೇವೆ. ಮೊದಲನೇ ವರ್ಷ ಅದರ ಡ್ರೈವರು ನನ್ನನ್ನು "ಸರ್" ಎಂದು ಕರೆದು ಹತ್ತಿಸಿಕೊಂಡ. ಎರಡನೇ ವರ್ಷ "ಅಣ್ಣ" ಅಂದ. ಮೂರನೇ ವರ್ಷ "ಬಂದ್ರಾ? ನಿಮ್ಮ ಕಿಟಕಿ ಸೀಟು ಹಾಗೇ ಇಟ್ಟಿದೀನಿ" ಅಂದ. ಮಾನ ಅನ್ನುವುದು ಇದ್ದರೆ ತಾನೇ ಹೋಗುವುದಕ್ಕೆ!

ಈ ಸಲ ನನ್ನವಳು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು: "ರೀ, ಈ ವರ್ಷವೂ ಆ ವ್ಯಾನಲ್ಲಿ ಬಂದ್ರೆ ಇದೇ ಕೊನೆ. ಬೆಳಗ್ಗೆ ನೀವು ಓಡೋಕೆ ಹೋದಾಗೆಲ್ಲ ಬಾಯ್ಲರ್ ಮುಂದೆ ಬೇಯೋಳು ನಾನು. ಗೆರೆ ದಾಟಿದ್ರೆ ಜನ್ಮಪೂರ್ತಿ ಓಡಿ, ನಾನು ಕೇಳಲ್ಲ. ದಾಟದಿದ್ರೆ ಬೂಟು ಅಟ್ಟದ ಮೇಲೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಬೂಟನ್ನು ಅಟ್ಟಕ್ಕೇರಿಸಲು ನನಗೆ ಮನಸ್ಸಿರಲಿಲ್ಲ. ಯಾಕೆ ಗೊತ್ತೇ? ಬೇರೆಯವರ ಬಟ್ಟೆಯ ಗಂಟು ಹೊತ್ತು ದಿನಾ ಓಡಾಡುವ ಅದೇ ಬೀದಿಗಳಲ್ಲಿ ವರ್ಷಕ್ಕೊಂದು ದಿನ ನಾನು ಬರಿಗೈಯಲ್ಲಿ, ನನಗೋಸ್ಕರ ಓಡುತ್ತೇನೆ. ಗುರುತಿಲ್ಲದ ಜನ ನನಗೆ ಚಪ್ಪಾಳೆ ತಟ್ಟುತ್ತಾರೆ. ಆ ಒಂದು ದಿನ ನನ್ನಿಂದ ಹೋಗಬಾರದು ಅನ್ನುವುದಷ್ಟೇ ನನ್ನ ಆಸೆಯಾಗಿತ್ತು.

ಹಾಗಾಗಿ ಉಗ್ರ ತಾಲೀಮು ಶುರುವಾಯಿತು! ಬೆಳಕು ಹರಿಯುವ ಮೊದಲೇ ಎದ್ದು ಓಡಿದೆ. ಅಂಗಡಿಯೊಳಗೇ ಸ್ನಾಯು ಹಿಗ್ಗಿಸಲು ಹೋಗಿ ಬಟ್ಟೆ ತೂಗುಹಾಕುವ ಸ್ಟ್ಯಾಂಡಿನ ಮೇಲೆ ಕಾಲಿಟ್ಟೆ. ಸ್ಟ್ಯಾಂಡೂ ನಾನೂ ಎರಡು ಡಜನ್ ಪ್ಯಾಂಟುಗಳೂ ಒಟ್ಟಿಗೆ ಧರಾಶಾಯಿಯಾದೆವು. ನನ್ನ ಯುದ್ಧತಂತ್ರ ಮಾತ್ರ ಪ್ರತಿ ವರ್ಷದ್ದೇ: ಶುರುವಿನಲ್ಲೇ ಗಾಳಿಯಂತೆ ನುಗ್ಗುವುದು, ಎಲ್ಲರನ್ನೂ ಹಿಂದೆ ಹಾಕುವುದು, ಆಮೇಲಿನದು ಆಮೇಲೆ.

"ಆ 'ಆಮೇಲೆ'ನೇ ವ್ಯಾನಲ್ಲಿ ಬರೋದು. ನಿಧಾನಕ್ಕೆ ಶುರುಮಾಡಬಾರದೇ?" ಅಂದಳು ನನ್ನವಳು.

"ಓಟದ ಸೂಕ್ಷ್ಮ ನಿನಗೇನು ಗೊತ್ತು!" ಎಂದು ನಕ್ಕುಬಿಟ್ಟೆ.

ಓಟದ ಹಿಂದಿನ ಮಧ್ಯಾಹ್ನ ಎದೆಗೆ ಹಚ್ಚಿಕೊಳ್ಳುವ ನಂಬರು ಬಂತು. ಮುನ್ನೂರ ಹದಿನೆಂಟು. ವೃತ್ತಿಪರನಾದ ನಾನು ಅದನ್ನು ಸುಮ್ಮನೆ ಚುಚ್ಚಿಕೊಳ್ಳುವುದುಂಟೇ? ಓಟದ ಅಂಗಿ, ಚಡ್ಡಿ ಎರಡಕ್ಕೂ ಗೆರೆ ಬೀಳುವಂತೆ ಇಸ್ತ್ರಿ ಹೊಡೆದು, ನಂಬರನ್ನು ಅಂಗಿಗೆ ಪಿನ್ನು ಮಾಡಿ, ನಮ್ಮ ಅಂಗಡಿಯ ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಅಭ್ಯಾಸಬಲದಿಂದ ಮೇಲೆ ದೊಡ್ಡದಾಗಿ '318' ಎಂದು ಬರೆದು ಕಪಾಟಿನಲ್ಲಿಟ್ಟೆ.

ಇಲ್ಲೇ ನೋಡಿ ವಿಧಿ ಹಲ್ಲು ಕಿಸಿದದ್ದು! ನಮ್ಮಲ್ಲಿ ಪ್ರತಿ ಗಿರಾಕಿಯ ಬಟ್ಟೆಗೂ ಒಂದು ನಂಬರು. ಅದೇ ಕಪಾಟಿನಲ್ಲಿ ಮೊದಲೇ ಒಂದು 318 ಕೂತಿತ್ತು. ಅದು ನಮ್ಮೂರಿನ ಬ್ಯಾಂಡ್ ಮಾಸ್ಟರರ ಸಮವಸ್ತ್ರದ ಕೋಟು.

ಸಂಜೆ ಬ್ಯಾಂಡ್ ಮಾಸ್ಟರು ಚೀಟಿ ಹಿಡಿದು ಬಂದರು. ನಾಳೆ ಓಟದ ಹಾದಿಯಲ್ಲಿ, ಸೇತುವೆಯ ಮೇಲೆ ಅವರ ಬ್ಯಾಂಡು ನುಡಿಸುವುದಿತ್ತು. ನಾನೂ ಓಡುತ್ತಿದ್ದೇನೆ ಎಂದು ತಿಳಿದು ಅವರು "ಹೌದಾ!" ಅಂದದ್ದೇ ತಡ, ನನ್ನ ಬಾಯಿಗೆ ಬ್ರೇಕು ಹೋಯಿತು. ತಾಲೀಮು, ಉಸಿರಾಟ, ಯುದ್ಧತಂತ್ರ ಎಲ್ಲ ಕೊಚ್ಚಿಕೊಳ್ಳುತ್ತಾ, ಕಪಾಟಿನ ಕಡೆ ನೋಡದೆಯೇ ಕೈಹಾಕಿ ಪೊಟ್ಟಣ ಎಳೆದು ಕೊಟ್ಟೆ.

ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು. "ಏನಪ್ಪಾ, ಕೋಟು ಇಷ್ಟು ಹಗುರ?"

"ಅದೇ ಸ್ವಾಮೀ ನಮ್ಮ ಕೈಚಳಕ! ಇಷ್ಟು ದಿನ ನೀವು ಹೊತ್ತಿದ್ದು ಕೋಟಿನ ಭಾರ ಅಲ್ಲ, ಕೊಳೆ ಭಾರ!"

ಪಾಪ, ನಂಬಿಕೊಂಡು ಹೋದರು.

ಮರುದಿನ ಬೆಳಗ್ಗೆ ಮೈದಾನ. ಸಾವಿರಾರು ಜನ, ಬೆಚ್ಚಗಾಗಲು ಕುಣಿಯುವ ಕಾಲುಗಳು, ಮೈಕಿನ ಗಲಾಟೆ. ಹಳೇ ಪ್ಯಾಂಟು, ಉಣ್ಣೆ ಸ್ವೆಟರು ಹಾಕಿಕೊಂಡು ಸ್ಕೂಟರಿನಲ್ಲಿ ನನ್ನವಳ ಹಿಂದೆ ಕೂತು ಬಂದಿಳಿದ ನಾನು, ಇಸ್ತ್ರಿ ಮುದುಡಬಾರದೆಂದು ಓಟದ ಗುಂಗಿನಲ್ಲಿ ಭಾರವನ್ನೂ ಗಮನಿಸದೆ ಎದೆಗವಚಿಕೊಂಡು ತಂದಿದ್ದ ಪೊಟ್ಟಣವನ್ನು ಬಟ್ಟೆ ಬದಲಾಯಿಸುವ ಟೆಂಟಿನಲ್ಲಿ ಬಿಚ್ಚಿದೆ.

ಒಳಗಿನಿಂದ ಕೆಂಪು ಕೋಟು ಎದ್ದು ನಿಂತಿತು! ಚಿನ್ನದ ಬಣ್ಣದ ಗುಂಡಿಗಳು, ಹೆಗಲ ಮೇಲೆ ನೇತಾಡುವ ದಾರದ ಜೂಲು, ಜೊತೆಗೆ ಗರಿ ಸಿಕ್ಕಿಸಿದ ಟೋಪಿ!

ಇಂಗು ತಿಂದ ಮಂಗನಂತೆ ಹೊರಗೆ ಬಂದೆ. ನನ್ನವಳು ಆಗಲೇ ಫೋನು ಕಿವಿಗಿಟ್ಟು ನಿಂತಿದ್ದಳು. ಆ ಕಡೆಯಿಂದ ಬ್ಯಾಂಡ್ ಮಾಸ್ಟರರ ಆರ್ಭಟ ನನಗೂ ಕೇಳಿಸುತ್ತಿತ್ತು: "ಏನಮ್ಮಾ ಇದು! ಸೇತುವೆ ಮೇಲೆ ಬನಿಯನ್ನಲ್ಲಿ ನಿಂತಿದೀನಿ! ಪೊಟ್ಟಣದಲ್ಲಿ ಒಂದು ಗೇಣಿನ ಚಡ್ಡಿ ಇದೆ! ಇದನ್ನ ಹಾಕ್ಕೊಂಡು ಮುಖ್ಯ ಅತಿಥಿಗಳ ಮುಂದೆ ಬ್ಯಾಂಡ್ ನಡೆಸ್ಲಾ?"

"ಸ್ಕೂಟರಿನಲ್ಲಿ ಹೋಗಿ ಬದಲಾಯಿಸ್ಕೊಂಡು ಬರ್ತೀನಿ" ಅಂದೆ.

"ಎಲ್ಲಿಗೆ ಹೋಗ್ತೀರಿ? ರಸ್ತೆಯೆಲ್ಲ ಬಂದ್ ಮಾಡಿದಾರೆ. ನಿಮ್ಮಂಥೋರು ಓಡಲಿ ಅಂತ!"

ಗೇಟಿನಲ್ಲಿ ನಿಂತಿದ್ದ ಸಂಘಟಕಿಯ ಮುಂದೆ ಗೋಳು ತೋಡಿಕೊಂಡೆ. ಅವರು ಕನ್ನಡಕದ ಮೇಲಿಂದ ನನ್ನನ್ನೂ ಕೋಟನ್ನೂ ನೋಡಿದರು. "ಹೆಸರು ನಮ್ಮಲ್ಲಿದೆ, ಹೋಗಿ. ಆದರೆ ಕೊನೇ ಗೆರೆ ದಾಟುವಾಗ ಎದೆ ಮೇಲೆ ನಂಬರು ಇರಬೇಕು. ಇಲ್ಲದಿದ್ದರೆ ನೀವು ಓಡಿದ್ದಕ್ಕೆ ಲೆಕ್ಕವೇ ಇಲ್ಲ, ಪದಕವೂ ಇಲ್ಲ."

ನಾನು ತಲೆಯ ಮೇಲೆ ಕೈಹೊತ್ತು ನೆಲಕ್ಕೆ ಕೂತೆ. "ಮುಗೀತು. ಬೂಟು ಅಟ್ಟಕ್ಕೇ."

ನನ್ನವಳು ಮಾತ್ರ ಕೋಟನ್ನು ಕೊಡವಿ, ನನ್ನ ಕೈಗೆ ತುರುಕಿ ಹೇಳಿದಳು: "ಏಳಿ ಮೇಲೆ. ನಿಮ್ಮ ಹಾದಿ ಸೇತುವೆ ಮೇಲೇ ಹೋಗತ್ತೆ. ಅವರ ಕೋಟು ಕೊಟ್ಟು ನಿಮ್ಮ ಅಂಗಿ ಇಸ್ಕೊಳ್ಳಿ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಗೂ ನೀವು ತಡ ಮಾಡಿದ್ದಿಲ್ಲ. ಇವತ್ತು ಓಟ ಅಂದ್ಕೋಬೇಡಿ, ಡೆಲಿವರಿ ಅಂದ್ಕೊಳ್ಳಿ."

ಕೋಟನ್ನು ಕೈಯಲ್ಲಿ ಹಿಡಿದು ಓಡುವುದು ಹೇಗೆ? ಹಾಕಿಕೊಂಡೆ. ಟೋಪಿಯನ್ನು? ಅದನ್ನೂ ಹಾಕಿಕೊಂಡೆ. ಪ್ಯಾಂಟನ್ನು ಮೊಣಕಾಲಿಗೆ ಮಡಚಿದೆ. ಓಟ ಶುರುವಾಯಿತು!

ವಾಡಿಕೆಯಂತೆ ಗಾಳಿಯಾಗಿ ನುಗ್ಗಲು ನೋಡಿದೆ. ಕೋಟು ಬಿಡಬೇಕಲ್ಲ! ಹತ್ತು ಹೆಜ್ಜೆಗೆ ಜೂಲು ಮೂತಿಗೆ ಬಡಿಯಿತು, ಗರಿ ಕಣ್ಣಿಗೆ ಚುಚ್ಚಿತು, ಭುಜದ ಮೇಲೆ ಯಾರೋ ಕೂತು ಅದುಮಿದ ಹಾಗಾಯಿತು. ವೇಗ ಹೆಚ್ಚಿಸಿದರೆ ಗಿರಾಕಿಯ ಬಟ್ಟೆ ಬೆವರಿನಲ್ಲಿ ನೆಂದುಹೋದೀತೆಂಬ ಭಯ ಬೇರೆ. ಹೀಗಾಗಿ ಜೀವಮಾನದಲ್ಲೇ ಮೊದಲ ಬಾರಿಗೆ ನಾನು ನಿಧಾನವಾಗಿ ಶುರುಮಾಡಿದೆ. ಎಲ್ಲರೂ ನನ್ನನ್ನು ಹಿಂದೆ ಹಾಕಿ ಹೋದರು. ಮಗುವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಓಡುತ್ತಿದ್ದ ತಾಯಿಯೊಬ್ಬಳೂ ಹೋದಳು. ಮಗು ನನಗೆ ಟಾಟಾ ಮಾಡಿತು.

ಆದರೆ ಜನ! ಅಯ್ಯೋ, ಆ ಜನ! "ಬ್ಯಾಂಡ್ ಮಾಸ್ಟರ್ ಬಂದ್ರು!" ಎಂದು ಬೀದಿಬೀದಿಯಲ್ಲಿ ಕೇಕೆ. ಬಾಲ್ಕನಿಗಳಿಂದ ಸೀಟಿ. ಅಜ್ಜಿಯೊಬ್ಬರು ಕುರ್ಚಿಯಿಂದೆದ್ದು ಸಲ್ಯೂಟು ಹೊಡೆದರು. ನಾನೂ ಓಡುತ್ತಲೇ ಸಲ್ಯೂಟು ತಿರುಗಿಸಿದೆ. ಮೂರು ವರ್ಷದಲ್ಲಿ ನನಗೆ ಬಿದ್ದ ಚಪ್ಪಾಳೆಯೆಲ್ಲ ಸೇರಿಸಿದರೂ ಇದರ ಮುಂದೆ ಏನೂ ಅಲ್ಲ!

ಸೇತುವೆ ಬಂತು. ಬ್ಯಾಂಡ್ ಮಾಸ್ಟರರನ್ನು ಕಂಡು ಕಾಲು ಕುಸಿಯುವಷ್ಟು ನಗು ಬಂತು. ಬನಿಯನ್ನಿಗಿಂತ ವಾಸಿಯೆಂದು ನನ್ನ ಓಟದ ಅಂಗಿಯನ್ನೇ ತೊಟ್ಟಿದ್ದರು. ಅದು ಅವರ ಹೊಟ್ಟೆಯ ಅರ್ಧಕ್ಕೇ ಸೋತು ನಿಂತಿತ್ತು. ಎದೆಯ ಮೇಲೆ 318. ಕೈಯಲ್ಲಿ ಕೋಲು ಬೀಸುತ್ತಾ ತಾಳ ಹಾಕುತ್ತಿದ್ದರೆ, ಪಕ್ಕದಲ್ಲಿ ಓಟದ ಡಾಕ್ಟರೊಬ್ಬರು ಅವರ ತೋಳು ಹಿಡಿದು ಬೇಡಿಕೊಳ್ಳುತ್ತಿದ್ದರು: "ಸರ್, ದಯವಿಟ್ಟು ಕೂತ್ಕೊಳ್ಳಿ. ತುಂಬಾ ದಣಿದಿದೀರಿ. ಕೈಕಾಲು ಹೇಗೆ ಆಡ್ತಿದೆ ನೋಡಿ! ಸ್ವಲ್ಪ ನೀರು ಕುಡೀರಿ."

"ಮೂರನೇ ಬಾಟಲಿ ಇದು!" ಎಂದು ಬ್ಯಾಂಡ್ ಮಾಸ್ಟರು ನನ್ನನ್ನು ಕಂಡು ಕೂಗಿದರು. "ಎಲ್ಲಿ ಸತ್ತಿದ್ರಿ? ಅತಿಥಿಗಳ ಕಾರು ಆ ತುದೀಲಿ ನಿಂತಿದೆ, ತನ್ನಿ ಕೋಟು!"

ದೊಡ್ಡ ಡೊಳ್ಳಿನ ಮರೆಯಲ್ಲಿ ವಸ್ತ್ರವಿನಿಮಯ ನಡೆಯಿತು. ನಾನು ಒಂದು ಕಾಲು ಚಡ್ಡಿಗೆ ಹಾಕಿದ ಕ್ಷಣಕ್ಕೇ ಡೊಳ್ಳಿನವನು ಅತಿಥಿಗಳನ್ನು ಕಂಡು ಢಮಾರೆಂದು ಬಾರಿಸಿದ. ಕಿವಿ ಕಿವುಡಾಯಿತು, ಇನ್ನೊಂದು ಕಾಲು ತಾನಾಗಿಯೇ ಒಳಗೆ ಹೋಯಿತು. ಅತಿಥಿಗಳು ಕಾರಿನಿಂದ ಇಳಿಯುವ ಹೊತ್ತಿಗೆ ಕೋಟಿನ ಕೊನೆಯ ಗುಂಡಿಯನ್ನೂ ಹಾಕಿಯಾಗಿತ್ತು. ಡೆಲಿವರಿ ಸಕಾಲಕ್ಕೆ!

ಆಮೇಲೆ ನಡೆದದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಕೋಟು ಇಳಿದ ಮೈ ಗಾಳಿಪಟವಾಗಿಬಿಟ್ಟಿತ್ತು. ಪ್ರತಿ ವರ್ಷ ಸೇತುವೆ ದಾಟಿದ ಮೇಲೆ ನೆಲ ಹಿಡಿಯುತ್ತಿದ್ದ ನನ್ನ ಕಾಲುಗಳಲ್ಲಿ ಈ ವರ್ಷ ಇನ್ನೂ ದಮ್ಮಿತ್ತು! ಬೆಳಗ್ಗೆ ಗಾಳಿಯಂತೆ ನುಗ್ಗಿದ್ದ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಹೋದೆ. ಟಾಟಾ ಮಾಡಿದ್ದ ಮಗುವಿಗೆ ನಾನೂ ಟಾಟಾ ಮಾಡಿದೆ.

ಕೊನೆಯ ಬೀದಿಗಳಲ್ಲಿ ಮಾತ್ರ ಜೀವ ಬಾಯಿಗೆ ಬಂತು. ಮೀನಖಂಡ ಹಿಡಿದುಕೊಂಡಿತು, ಉಸಿರು ಕುಕ್ಕರಿನ ಹಾಗೆ ಸೀಟಿ ಹೊಡೆಯಿತು. ಓಟ ನಡಿಗೆಯಾಯಿತು, ನಡಿಗೆ ಕುಂಟಾಟವಾಯಿತು, ನಾನು ಹಿಂದೆ ಹಾಕಿದ್ದವರೆಲ್ಲ ಮತ್ತೆ ಮುಂದೆ ಹೋದರು. ಆಗ ಬೆನ್ನ ಹಿಂದೆ ಪರಿಚಯದ ಇಂಜಿನ್ನು ಗುರುಗುಟ್ಟಿತು.

"ಅಣ್ಣಾ! ಎಷ್ಟೊತ್ತಿಂದ ಹುಡುಕ್ತಿದೀನಿ! ಸೀಟು ಖಾಲಿ ಇದೆ, ಬನ್ನಿ!"

ತಿರುಗಿ ನೋಡಿದೆ. ಕಿಟಕಿ ಪಕ್ಕದ ಸೀಟು. ಮೆತ್ತಗಿತ್ತು. ಫ್ಯಾನು ಬೇರೆ ತಿರುಗುತ್ತಿತ್ತು. ನಿಜ ಹೇಳುತ್ತೇನೆ, ನನ್ನ ಒಂದು ಕಾಲು ಆ ಕಡೆಗೆ ತಿರುಗಿಯೇಬಿಟ್ಟಿತ್ತು!

ಅಷ್ಟರಲ್ಲಿ ತಡೆಗೋಲಿನ ಆ ಕಡೆಯಿಂದ ಒಂದು ಸ್ವರ ಬಂತು. ಮದುವೆಯಾದ ಮೇಲೆ ಗಿರಾಕಿಗಳ ಮುಂದೆ ಒಮ್ಮೆಯೂ ದನಿ ಎತ್ತದ ನನ್ನವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ಓಡೋಡಿ ಬರುತ್ತಾ ಗಂಟಲು ಹರಿಯುವಂತೆ ಕೂಗುತ್ತಿದ್ದಳು: "ರೀ! ಹತ್ತಿದ್ರೆ ನೋಡಿ! ಗೇಟು ಅಲ್ಲೇ ಕಾಣ್ತಿದೆ! ಓಡ್ರೀ!"

ಓಡಿದೆ! ಆ ಕಡೆ ಅವಳು, ಈ ಕಡೆ ನಾನು, ನಡುವೆ ತಡೆಗೋಲು. ಗೇಟಿನವರು ಹೊತ್ತು ಮುಗಿಯುತ್ತಾ ಬಂತೆಂದು ಕೊನೇ ಗೆರೆ ಮುಚ್ಚಲು ಹಗ್ಗ ಕೈಗೆತ್ತಿಕೊಂಡಿದ್ದರು. ಎದೆ ಮುಂದೆ ಮಾಡಿ, 318 ಎಲ್ಲರಿಗೂ ಕಾಣುವಂತೆ, ಗೆರೆಯ ಮೇಲೆ ಬಿದ್ದೆ ಅನ್ನಿ, ದಾಟಿದೆ ಅನ್ನಿ, ಒಟ್ಟಿನಲ್ಲಿ ಆ ಕಡೆ ತಲುಪಿದೆ! ಕೊರಳಿಗೆ ಪದಕ ಬಿತ್ತು. ನನ್ನವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ಅದೇ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. "ಬೆವರು ಸಿಡೀತು" ಅಂದಳು. ನಾನು ನಂಬಿದವನ ಹಾಗೆ ತಲೆಯಾಡಿಸಿದೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಕೆಳಗೆ ಬೀದಿಯಲ್ಲಿ ಬ್ಯಾಂಡು ಮೊಳಗುತ್ತಿತ್ತು. ಬ್ಯಾಂಡ್ ಮಾಸ್ಟರು ಸೇತುವೆಯ ಉಪಕಾರ ನೆನೆದು ತಂಡಸಮೇತ ನನ್ನನ್ನು ಸನ್ಮಾನಿಸಲು ಬಂದಿದ್ದರು! ಅಂಗಡಿ ಮುಂದೆ ಗಿರಾಕಿಗಳು, ಅಕ್ಕಪಕ್ಕದವರು, ಜನವೋ ಜನ. ವಿಜಯೀ ವೀರನಂತೆ ಪದಕ ಧರಿಸಿ, ಮೀಸೆ ತಿರುವಿ ಮಂಚದಿಂದ ಧುಮುಕಿದೆ.

ಧುಮುಕಿದ್ದು ನಾನು ಮಾತ್ರ. ಕಾಲುಗಳು ಒಪ್ಪಲಿಲ್ಲ. ತೊಡೆಯೆರಡೂ ಮರದ ಕೊರಡಾಗಿದ್ದವು. ಗೋಡೆ ಹಿಡಿದು ಹೊರಗಿನ ಮೆಟ್ಟಿಲ ತುದಿಗೆ ಬಂದು ಒಂದು ಹೆಜ್ಜೆ ಕೆಳಗಿಟ್ಟೆ. "ಅಯ್ಯಯ್ಯೋ!" ಎಂಬ ನನ್ನ ಉದ್ಗಾರಕ್ಕೆ ಬ್ಯಾಂಡೇ ಒಂದು ಕ್ಷಣ ನಿಂತಿತು. ಕೊನೆಗೆ ಜನರಿಗೆ ಬೆನ್ನು ತಿರುಗಿಸಿ, ಕಟಕಟೆ ತಬ್ಬಿಕೊಂಡು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದೆ. ಬ್ಯಾಂಡ್ ಮಾಸ್ಟರು ಅನುಭವಸ್ಥರು. ನನ್ನ ಗತಿ ನೋಡಿ ತಾಳ ನಿಧಾನ ಮಾಡಿದರು. ಮೆಟ್ಟಿಲಿಗೊಂದು ಢಂ. ನಾನು ಇನ್ನೂ ಅರ್ಧ ಇಳಿದಿರಲಿಲ್ಲ, ರಾಗ ಮುಗಿದು, ಕೊಳಲಿನವರು ಕೊಳಲು ಒರೆಸಿ ಚೀಲಕ್ಕೆ ಹಾಕಿಕೊಂಡರು.

ಸಾಲಿನಲ್ಲಿದ್ದ ಗಿರಾಕಿಯೊಬ್ಬರು ಕತ್ತು ಉದ್ದ ಮಾಡಿ ಕೇಳಿದರು: "ನಿನ್ನೆ ಮ್ಯಾರಥಾನ್ ಪೂರ್ತಿ ಓಡಿ ಮುಗಿಸಿದ್ದು ಇವರೇನಾ?"

"ಹೂಂ, ಇವರೇ. ಊರೆಲ್ಲ ಓಡಿ ಮುಗಿಸಿದಾರೆ" ಎಂದು ನನ್ನವಳು ಹೆಮ್ಮೆಯಿಂದ ಹೇಳಿದಳು. ಆಮೇಲೆ ಮೆಟ್ಟಿಲ ಕಡೆ ನೋಡಿ, ಚೀಟಿ ಪುಸ್ತಕ ತೆರೆದಳು. "ಇವರು ಅಂಗಡಿಗೆ ಬಂದು ಮುಟ್ಟೋ ಹೊತ್ತಿಗೆ ಮಧ್ಯಾಹ್ನ ಆಗತ್ತೆ. ಅರ್ಜೆಂಟಿರೋರು ಬಟ್ಟೆ ನನ್ನ ಕೈಗೆ ಕೊಟ್ಟು ಹೋಗಿ!"