ದಾಖಲೆಯ ಪ್ರಕಾರ ಕಣ್ಣು ಮುಚ್ಚಿದವಳು

ಹದಿನೆಂಟು ವರ್ಷ ತುಂಬಿದ ಯಾವುದೇ ವ್ಯಕ್ತಿಯು ಲರ್ನರ್ ಲೈಸೆನ್ಸಿಗೆ ಅರ್ಜಿ ಸಲ್ಲಿಸಲು ಅರ್ಹರಾಗಿರುತ್ತಾರೆ. ಅರ್ಜಿದಾರರ ಮುಖವೂ ಕಡತದಲ್ಲಿರುವ ಮುಖವೂ ಒಂದೇ ಆಗಿರತಕ್ಕದ್ದು. ಈ ನಿಯಮದಲ್ಲಿ ಯಾವ ದೋಷವೂ ಇಲ್ಲ. ದೋಷವೇನಿದ್ದರೂ ಹುಡುಗಿಯದು. ಅದನ್ನು ಅವಳು ಇವತ್ತಿಗೂ ಯಾರು ಕೇಳಿದರೂ ಒಪ್ಪಿಕೊಳ್ಳುತ್ತಾಳೆ, ಕೇಳದಿದ್ದರೂ ಹೇಳುತ್ತಾಳೆ.

ಅವಳ ಅಮ್ಮ ಬೇಕರಿಯ ಬ್ರೆಡ್ ವ್ಯಾನು ಓಡಿಸುತ್ತಿದ್ದಳು. ಹನ್ನೊಂದು ವರ್ಷ, ನಲವತ್ತೆರಡು ಅಂಗಡಿ, ಒಂದು ದಿನವೂ ಬ್ರೆಡ್ಡು ತಡವಾಗಿ ಹೋದದ್ದಿಲ್ಲ. ಅಂಥವಳು ಬಚ್ಚಲುಮನೆಯಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡಳು. ಬೇಕರಿಯ ಮಾಲೀಕ ಮನೆಗೇ ಬಂದು, ಪ್ಲಾಸ್ಟರು ಮುಟ್ಟಿ ನೋಡಿ, ಬಹಳ ಬೇಜಾರು ಮಾಡಿಕೊಂಡ. ಬರುವ ತಿಂಗಳ ಮೊದಲ ಸೋಮವಾರ ವ್ಯಾನು ರಸ್ತೆಗಿಳಿಯದಿದ್ದರೆ ಆ ನಲವತ್ತೆರಡು ಅಂಗಡಿಗಳನ್ನು ತನ್ನ ಭಾವಮೈದುನನಿಗೆ ವಹಿಸುವುದಾಗಿಯೂ ಅಷ್ಟೇ ಬೇಜಾರಿನಿಂದ ತಿಳಿಸಿದ. ಮಗಳಿಗೆ ವ್ಯಾನು ಓಡಿಸಲು ಬರುತ್ತಿತ್ತು. ಬೇಕರಿಯ ಹಿಂದಿನ ಖಾಲಿ ಜಾಗದಲ್ಲಿ ಅಮ್ಮನೇ ಕಲಿಸಿದ್ದಳು. ಲರ್ನರ್ ಲೈಸೆನ್ಸ್ ಒಂದು ಸಿಕ್ಕಿದರೆ ಪಕ್ಕದಲ್ಲಿ ಲೈಸೆನ್ಸ್ ಇರುವ ಅಮ್ಮನನ್ನು ಕೂರಿಸಿಕೊಂಡು ಓಡಿಸಬಹುದಿತ್ತು.

ಹುಡುಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ರಸ್ತೆಯ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಿದಳು. ಆದರೆ ಅವಳ ಅಸಲಿ ತಯಾರಿ ನಡೆದದ್ದು ಕನ್ನಡಿಯ ಮುಂದೆ. ಲೈಸೆನ್ಸಿನ ಫೋಟೊದಲ್ಲಿ ತಾನು ಮೂವತ್ತು ವರ್ಷದ, ಜವಾಬ್ದಾರಿಯುತ, ಕಷ್ಟಸುಖ ಕಂಡ ಹೆಂಗಸಿನ ಹಾಗೆ ಕಾಣಬೇಕೆಂದು ಒಂದು ವಾರ ಹುಬ್ಬನ್ನು ಏರಿಸಿ ಇಳಿಸಿ ಅಭ್ಯಾಸ ಮಾಡಿದಳು. ಇಂಥ ಜಂಬಕ್ಕೆ ಏನಾಗಬೇಕೋ ಅದೇ ಆಯಿತು. ಫೋಟೊ ತೆಗೆಯುವ ಗುಮಾಸ್ತರು ಅಲ್ಲಾಡಬೇಡಿ ಎಂದೊಡನೆ ಅವಳು ಇದ್ದಬದ್ದ ಗಾಂಭೀರ್ಯವನ್ನೆಲ್ಲ ಮುಖಕ್ಕೆ ತಂದುಕೊಂಡಳು. ಅದರ ಭಾರಕ್ಕೆ ರೆಪ್ಪೆಗಳು ಮುಚ್ಚಿಕೊಂಡವು. ಪರದೆಯ ಮೇಲೆ ನಿಂತಲ್ಲೇ ನಿದ್ದೆಹೋದ ಒಬ್ಬ ಹುಡುಗಿ ಕಾಣಿಸಿದಳು.

ಇನ್ನೊಂದು ಸಲ ತೆಗೆಯಿರಿ ಎಂದು ಕೇಳಿಕೊಂಡಳು. ಒಬ್ಬರಿಗೆ ಒಂದೇ ಫೋಟೊ ಎಂದು ಗುಮಾಸ್ತರು ವಿವರಿಸಿದರು. ಬೇಕಿದ್ದರೆ ತಿದ್ದುಪಡಿಗೆ ಅರ್ಜಿ ಕೊಡಬಹುದು, ಅದು ಇತ್ಯರ್ಥವಾಗಲು ಏಳು ತಿಂಗಳು ಹಿಡಿಯುತ್ತದೆ. ಲರ್ನರ್ ಲೈಸೆನ್ಸಿನ ಆಯುಷ್ಯ ಆರು ತಿಂಗಳು. ಹಾಗಾಗಿ ಇವತ್ತಿನವರೆಗೆ ಯಾರೂ ಆ ಅರ್ಜಿ ಕೊಟ್ಟಿಲ್ಲ, ವಿಭಾಗದಲ್ಲಿ ಒಂದೇ ಒಂದು ಕಡತವೂ ಬಾಕಿಯಿಲ್ಲ ಎಂದು ಹೆಮ್ಮೆಯಿಂದ ಹೇಳಿದರು.

ಮುಂದಿನದು ಕಣ್ಣಿನ ಪರೀಕ್ಷೆ. ವೈದ್ಯರು ಎರಡು ಕಣ್ಣೂ ಉತ್ತಮವಾಗಿವೆ ಎಂಬ ಪ್ರಮಾಣಪತ್ರಗಳಿಗೆ ಬೆಳಿಗ್ಗೆಯೇ ಸಹಿ ಹಾಕಿಟ್ಟು ಊಟಕ್ಕೆ ಹೋಗಿದ್ದರು. ಅವಳೂ ಒಂದನ್ನು ತೆಗೆದುಕೊಂಡಳು. ತೊಂದರೆ ಶುರುವಾದದ್ದು ಪರಿಶೀಲನೆಯ ಮೇಜಿನಲ್ಲಿ.

"ಈ ಸರ್ಟಿಫಿಕೇಟಲ್ಲಿರೋ ಕಣ್ಣು ಯಾರದ್ದಮ್ಮ?" ಎಂದರು ಅಲ್ಲಿದ್ದ ಗುಮಾಸ್ತರು.

"ನಂದೇ ಸರ್."

"ಫೈಲಲ್ಲಿ ನಿಮಗೆ ಕಣ್ಣೇ ಕಾಣ್ತಿಲ್ಲವಲ್ಲ."

ಹುಡುಗಿ ಎರಡು ಕಣ್ಣನ್ನೂ ಆದಷ್ಟು ಅಗಲ ಮಾಡಿ ಅವರ ಮುಖದ ಮುಂದೆ ಹಿಡಿದಳು. ಕಡತವನ್ನು ನೋಡುವುದಷ್ಟೇ ತಮ್ಮ ಕೆಲಸವೆಂದೂ, ಅರ್ಜಿದಾರರನ್ನು ನೋಡುವ ಅಧಿಕಾರ ತಮಗಿಲ್ಲವೆಂದೂ ಅವರು ತಲೆ ಎತ್ತದೆ ತಿಳಿಸಿದರು. ಅವಳಿಗೆ ಅಳುವೇ ಬಂದುಬಿಟ್ಟಿತು. ಅದು ಶುಕ್ರವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಭಾವಮೈದುನ ಬರುತ್ತಾನೆ, ಅಮ್ಮನ ಹನ್ನೊಂದು ವರ್ಷ ತನ್ನ ಹುಬ್ಬಿನ ಅಭ್ಯಾಸಕ್ಕೆ ಬಲಿಯಾಗುತ್ತದೆ.

ಕಡತ ಹಿರಿಯ ಅಧಿಕಾರಿಯ ಕೋಣೆಗೆ ಹೋಯಿತು, ಹಿಂದೆಯೇ ಮಗಳೂ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ತಾಯಿಯೂ ಹೋದರು. ಅಧಿಕಾರಿ ಎಲ್ಲ ಓದಿ, ತಲೆ ಕೆರೆದುಕೊಂಡು, ಕಣ್ಣಿಲ್ಲದವರಿಗೆ ಲೈಸೆನ್ಸ್ ಕೊಡಲು ಬರುವುದಿಲ್ಲ ಎಂದರು. ಆಗ ಅಮ್ಮ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟಳು.

"ಸ್ವಾಮಿ, ಇವಳ ಪಕ್ಕ ಹೇಗೂ ನಾನು ಕೂತಿರ್ತೀನಿ. ನನ್ನ ಕಣ್ಣು ನೆಟ್ಟಗಿದೆ."

"ನಿಮ್ಮ ಕೈ ನೆಟ್ಟಗಿಲ್ಲವಲ್ಲ."

"ಕೈ ಇವಳದ್ದು ನೆಟ್ಟಗಿದೆ."

ಅಧಿಕಾರಿ ಒಂದು ಹಾಳೆ ಎಳೆದುಕೊಂಡರು. ತಾಯಿ: ಕಣ್ಣು ಎರಡು, ಕೈ ಪರಿಗಣಿಸತಕ್ಕದ್ದಲ್ಲ. ಮಗಳು: ಕೈ ಎರಡು, ಕಣ್ಣು ಕಂಡುಬಂದಿಲ್ಲ. ಕೆಳಗೆ ಗೆರೆ ಎಳೆದು ಕೂಡಿದರು. ಒಟ್ಟು ಚಾಲಕರು: ಒಬ್ಬರು. ಅವರ ಮುಖದಲ್ಲಿ ನೆಮ್ಮದಿ ಕಾಣಿಸಿತು, ಸಂಜೆಯೊಳಗೆ ಆದೇಶ ಕೈಗೆ ಬಂತು: "ಸದರಿ ವಾಹನವನ್ನು ಮಗಳ ಕೈಗಳಿಂದಲೂ ತಾಯಿಯ ಕಣ್ಣುಗಳಿಂದಲೂ ಚಲಾಯಿಸತಕ್ಕದ್ದು. ಮಗಳು ಕಣ್ಣನ್ನಾಗಲಿ ತಾಯಿ ಕೈಯನ್ನಾಗಲಿ ಬಳಸಿದ್ದು ಕಂಡುಬಂದಲ್ಲಿ ವಾಹನವನ್ನು ಜಪ್ತಿ ಮಾಡಲಾಗುವುದು."

ಸೋಮವಾರ ವ್ಯಾನು ಹೊರಟಿತು. ಮಾಲೀಕ ಆದೇಶವನ್ನು ಎರಡು ಸಲ ಓದಿ ಸಂತೋಷಪಟ್ಟ. ಕಾಗದದ ಪ್ರಕಾರ ಚಾಲಕಿ ಒಬ್ಬಳೇ ಆದ್ದರಿಂದ ಅಂದಿನಿಂದ ಇಬ್ಬರಿಗೂ ಸೇರಿ ಒಂದೇ ಲೋಟ ಟೀ ಕೊಡಿಸಿದ. ಕಚೇರಿಯ ಗೇಟಿನ ಬಳಿ ಕೂರುವ ಏಜೆಂಟನಂತೂ ವಾರದೊಳಗೆ ಬೋರ್ಡು ತಗುಲಿಸಿದ. ಅರ್ಜಿದಾರರಿಗೆ ಬೇಕಾದ ಕಣ್ಣು, ಕಾಲುಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಅವನಲ್ಲಿ ಸಿಗುತ್ತಿದ್ದವು. ಆರು ಸಲ ಫೇಲಾಗಿದ್ದ ಟೈಲರೊಬ್ಬ ಒಳ್ಳೆಯ ಒಂದು ಜೊತೆ ಕಣ್ಣಿನೊಂದಿಗೆ ಬಂದು ಪಾಸಾದ. ಯಾರಿಗೂ ತಕರಾರಿರಲಿಲ್ಲ.

ಹುಡುಗಿ ಮೊದಮೊದಲು ಸ್ವಲ್ಪ ಬುದ್ಧಿವಂತಿಕೆ ಮಾಡಿದಳು. ರಸ್ತೆಯಲ್ಲಿ ಕಣ್ಣು ಬಿಟ್ಟುಕೊಂಡೇ ಓಡಿಸಿ, ಸರ್ಕಲ್ಲಿನ ಪೊಲೀಸಿನವರು ಕಂಡೊಡನೆ ಗಾಡಿ ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದಳು. ಅವರು ಫೋಟೊ ನೋಡಿ, ಮುಖ ನೋಡಿ, ಅಮ್ಮನ ಕಣ್ಣು ಎರಡೂ ಇವೆಯೇ ಎಂದು ಎಣಿಸಿ, ಸರಿ ಹೊರಡಿ ಎನ್ನುತ್ತಿದ್ದರು. ಇದರಿಂದ ಅವಳಿಗೆ ತಾನೇನೋ ಮಹಾ ಚಾಲಾಕಿ ಎಂಬ ಭ್ರಮೆ ಹುಟ್ಟಿತು.

ಮೂರನೇ ವಾರದಲ್ಲಿ ಅದೂ ಇಳಿಯಿತು. ಸರ್ಕಲ್ಲಿನ ಹತ್ತಿರವೇ ಸೈಕಲ್ಲಿನ ಮುದುಕರೊಬ್ಬರು ಆಯತಪ್ಪಿ ವ್ಯಾನಿನ ಎದುರಿಗೇ ಬಿದ್ದರು. ಹುಡುಗಿ ನೋಡಿದಳು, ಬ್ರೇಕ್ ಒತ್ತಿದಳು. ಚಕ್ರ ಅವರ ಚಪ್ಪಲಿಯ ಪಕ್ಕ ನಿಂತಿತು. ಪೊಲೀಸಿನವರು ಪುಸ್ತಕ ಹಿಡಿದು ಬಂದರು.

"ಕಣ್ಣು ಬಿಟ್ಕೊಂಡು ಓಡಿಸ್ತಾ ಇದ್ರಾ?"

ಮುದುಕರು ಎದ್ದು ಧೂಳು ಕೊಡವಿಕೊಂಡು ಸಾಕ್ಷಿ ಹೇಳಿದರು. "ಹೌದು ಸರ್, ನಾನೇ ಕಂಡೆ. ಎರಡೂ ಬಿಟ್ಟಿದ್ರು."

ಇದು ಮೊದಲ ತಪ್ಪೆಂದು ಬರೆದುಕೊಂಡು, ಇನ್ನೊಂದು ಸಲ ಆದರೆ ವ್ಯಾನು ಎಳೆದುಕೊಂಡು ಹೋಗುವುದಾಗಿ ಪೊಲೀಸಿನವರು ಎಚ್ಚರಿಸಿದರು. ಮುದುಕರು, ಈಗಿನ ಮಕ್ಕಳಿಗೆ ಕಾನೂನಿನ ಭಯವೇ ಇಲ್ಲ ಎಂದು ಹೇಳಿ ಸೈಕಲ್ಲು ಹತ್ತಿದರು.

ಅಮ್ಮ ಮಗಳ ಕಡೆ ತಿರುಗಿದಳು.

"ನಲವತ್ತೆರಡು ಅಂಗಡಿ ಕಣೇ," ಎಂದಳು. "ಒಂದೊಂದಾಗಿ ಹಿಡಿದದ್ದು ನಾನು. ನೀನು ಹೀಗೆ ಕಣ್ಣು ಬಿಟ್ಕೊಂಡು ಗಾಡಿ ಓಡಿಸಿ ಎಲ್ಲಾ ಹಾಳು ಮಾಡ್ಬೇಡ."

ಹುಡುಗಿಗೆ ನಿಜವಾಗಿಯೂ ನಾಚಿಕೆಯಾಯಿತು. "ತಪ್ಪಾಯ್ತಮ್ಮ," ಎಂದು ಕಣ್ಣು ಮುಚ್ಚಿ ಗೇರು ಹಾಕಿದಳು.

"ಎಡಕ್ಕೆ," ಎಂದಳು ಅಮ್ಮ.